ಬ್ಯಾಡ ಅನ್ನುವ ಪಂಪಣ್ಣ

ಮುನಿರಾಬಾದಿನ ಹಿನ್ನೀರಿನ ದಂಡೆಯಲ್ಲಿ ಬೆಳಕು ಹರಿದರೆ ಸಾಕು, ಪಂಪಣ್ಣ ಹೆಗಲ ಮೇಲಿನ ವಲ್ಲಿಯನ್ನು ಜಾಲಿಯ ಟೊಂಗೆಗೆ ಕಟ್ಟಿ, ಅದು ಎತ್ತ ಹಾರುತ್ತದೆಂದು ನೋಡುತ್ತಾ ಕುಕ್ಕರಿಸುತ್ತಾನೆ. ಬಲೆ ಹೊತ್ತವರು ಅವನನ್ನು ಕೇಳಿಯೇ ತೆಪ್ಪ ಏರುವುದು ಅಲ್ಲಿಯ ರೂಢಿ. ಅವನ ಬಾಯಲ್ಲಿ ಮಾತ್ರ ಒಂದೇ ಮಾತು: "ಇವತ್ತ ಬ್ಯಾಡ್ರೋ." ವಲ್ಲಿ ಪಟಪಟ ಬಡಿದರೆ ತೆರೆ ಏಳುತ್ತದೆ, ಅಲುಗದಿದ್ದರೆ ಗಾಳಿ ಎಲ್ಲೋ ಹೊಂಚು ಹಾಕಿದೆ, ನೀರು ಕೆಂಪಾದರೆ ಬಲೆಗೆ ಬರೀ ಕಸ, ತಿಳಿಯಾದರೆ ಮೀನಿಗೆ ಬಲೆಯೇ ಕಾಣುತ್ತದೆ. "ನಿನ್ನ ಮಾತ ಕೇಳಿದ್ರ ಮೀನೆಲ್ಲಾ ಮುದುಕಾಗಿ ಸಾಯ್ತಾವ ನೋಡಣ್ಣಾ" ಎಂದು ನಗುತ್ತಲೇ ಹನಮೇಶ ತೆಪ್ಪ ತಳ್ಳುತ್ತಾನೆ. ಎಲ್ಲರೂ ಹೋದ ಮೇಲೆ ಬರುವವಳು ಸೊಸೆ ರೇಣುಕಾ. ಹಿಂದೊಮ್ಮೆ, ಅಲುಗದೆ ಜೋತುಬಿದ್ದ ಇದೇ ವಲ್ಲಿಯನ್ನು ನೋಡಿ "ಛಲೋ ಐತಿ, ಹೋಗಪಾ" ಎಂದು ಅವನು ಕಳಿಸಿದ ಮಗ ನಡುನೀರಿನಲ್ಲಿ ಬಿರುಗಾಳಿಗೆ ಸಿಕ್ಕು ತಿರುಗಿ ಬರಲಿಲ್ಲ. ಈಗ ಬಲೆ ಅವಳ ಹೆಗಲ ಮೇಲಿದೆ. "ಮಾವಾ, ನೀರು ಹ್ಯಾಂಗೈತ್ರಿ?" ಎಂದು ಅವಳು ದಿನವೂ ತಪ್ಪದೆ ಕೇಳುತ್ತಾಳೆ. "ಬ್ಯಾಡವ್ವಾ" ಎನ್ನುತ್ತಾನೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ, ಅವಳು ಹೋಗುತ್ತಾಳೆ. ಬಿಸಿಲು ನೆತ್ತಿಗೇರಿದರೂ ಅವನು ಕೂತಲ್ಲಿಂದ ಏಳುವುದಿಲ್ಲ. ಅವಳ ತೆಪ್ಪ ದಂಡೆ ಮುಟ್ಟಿದ ಮೇಲೆಯೇ ವಲ್ಲಿ ಬಿಚ್ಚಿ, ಮುಖ ಒರೆಸಿಕೊಂಡು, "ಇವತ್ತ ನೀರು ಛಲೋ ಇತ್ತವ್ವಾ" ಎನ್ನುತ್ತಾನೆ.