ಅಕ್ಕನ ಮನೆಯ ಫೀಡರ್

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ತೆಂಗಿನ ಬುಡಕ್ಕೆ ನೀರು ಬಿಡುವುದು, ಬೈಂದೂರಿನಲ್ಲಿರುವ ಮಗಳಿಗೆ ಫೋನ್ ಮಾಡುವುದು. ಹೀಗೆ ಮುಂದೂಡುತ್ತ ನಿವೃತ್ತಿಯಾಗಿಯೂ ಸುಮಾರು ಕಾಲವಾಯಿತು.

ಹೈಸ್ಕೂಲು ಮುಗಿಸಿ ಕೆಲಸಕ್ಕೆ ಸೇರಿದ ನಾನು ಕೊನೆಗೆ ಬ್ರಹ್ಮಾವರದ ಕಡೆ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ತೆಂಕಿನ ಕಡೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರವೊಂದಿದೆ. ಅದರ ಕರೆಂಟ್ ನೇರವಾಗಿ ನಮ್ಮ ಮನೆಗಳಿಗೆ ಬರುವುದಲ್ಲ. ಎಲ್ಲ ಕಡೆಯದರ ಜೊತೆ ದೊಡ್ಡ ಲೈನುಗಳಲ್ಲಿ ಸೇರಿ ಹರಿಯುತ್ತದೆ. ಆದರೆ ಬೇಸಗೆಯಲ್ಲಿ ಘಟ್ಟದ ಅಣೆಕಟ್ಟುಗಳ ನೀರು ಇಳಿದಾಗ ಹೆಚ್ಚಿನ ಭಾರ ಕಲ್ಲಿದ್ದಲಿನ ಮೇಲೆಯೇ. ಆಗ ಅಲ್ಲೊಂದು ಘಟಕ ನಿಂತರೆ ನಮಗೆ ಫೋನ್ ಬರುತ್ತಿತ್ತು: ಲೋಡ್ ಇಳಿಸಿ. ಅಂದರೆ ಊರುಗಳಿಗೆ ಹೋಗುವ ಫೀಡರ್ ಲೈನುಗಳಲ್ಲಿ ಕೆಲವನ್ನು ಬಂದ್ ಮಾಡಬೇಕು. ಯಾವುದೆಂಬುದನ್ನು ನಮಗೇ ಬಿಡುತ್ತಿದ್ದರು. ಪೇಟೆಯವರು ಫೋನ್ ಮಾಡಿ ಬಯ್ಯುತ್ತಿದ್ದರು, ಹಾಗಾಗಿ ಪೇಟೆಯದನ್ನು ಮುಟ್ಟುತ್ತಿರಲಿಲ್ಲ. ಬಯ್ಯದ ಊರಿನದನ್ನು ತೆಗೆಯುವುದು ನಮ್ಮ ರೂಢಿ.

ಹಂಗಾರಕಟ್ಟೆಯ ಕಡೆ ಹೋಗುವ ಫೀಡರಿನಲ್ಲಿ ನನ್ನ ಅಕ್ಕನ ಮನೆ. ಭಾವನ ಶ್ವಾಸಕೋಶ ಕೆಟ್ಟು, ಮಂಚದ ಪಕ್ಕ ಕರೆಂಟಿನಲ್ಲಿ ಓಡುವ ಆಕ್ಸಿಜನ್ ಯಂತ್ರ ಇಟ್ಟಿದ್ದರು. ಕರೆಂಟ್ ಹೋದಾಗ ಸ್ವಲ್ಪ ಹೊತ್ತಿಗೆಂದು ಒಂದು ಸಣ್ಣ ಆಕ್ಸಿಜನ್ ಸಿಲಿಂಡರೂ ಇತ್ತು. ಅದಕ್ಕೆಂದೇ ನಾನು ಎಷ್ಟೋ ಸಲ ಆ ಫೀಡರನ್ನು ಬಿಟ್ಟು ಬೇರೆಯದನ್ನು ತೆಗೆದಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ ಘಟಕ ನಿಂತ ಸುದ್ದಿ ಬಂತು. ಜೊತೆಯ ಆಪರೇಟರ್ ನಕ್ಕ.

“ಹ್ವಾಯ್, ಇವತ್ತೂ ಅಕ್ಕನ್ ಮನಿ ಫೀಡರ್ ಮುಟ್ಟೂಕಿಲ್ಯಾ? ವರದಕ್ಷಿಣಿಗೆ ಕೊಟ್ಟದ್ದಾ ಮಾರಾಯ್ರೆ ಅದನ್ನ?”

ಚಾ ತಂದವನೂ ನಕ್ಕ. ನಾನು ಎದ್ದು ಮೊದಲು ಅದೇ ಫೀಡರನ್ನು ತೆಗೆದೆ.

ಆಮೇಲೆ ಮೇಲಿನವರ ಫೋನ್ ಬಂತು. ಬೇರೆ ಕಡೆಯಿಂದ ಕರೆಂಟ್ ಹೊಂದಿಸಿದ್ದೇವೆ, ಬಂದ್ ಮಾಡಿದ ಲೈನುಗಳನ್ನು ಮತ್ತೆ ಕೊಡಿ ಎಂದರು. ನನ್ನ ಕೈ ಎಲ್ಲಿಗೆ ಹೋಗುತ್ತದೆಂದು ಜೊತೆಯವನು ನೋಡುತ್ತಿದ್ದ. ನಾನು ಬೇರೆ ಫೀಡರುಗಳನ್ನೆಲ್ಲ ಕೊಟ್ಟು, ಅಕ್ಕನದನ್ನು ಹಾಗೇ ಬಿಟ್ಟು ಚಾ ಕುಡಿಯಲು ಕುಳಿತೆ. ಅಷ್ಟರಲ್ಲಿ ಅವಳ ಫೋನ್.

“ತಮ್ಮಾ, ಕರೆಂಟ್ ಯಾವಾಗ್ ಬತ್ತ್? ಸಣ್ಣ ಸಿಲಿಂಡರ್ ಮುಗೀತಾ ಬಂತ್.”

“ಸ್ಥಾವರ ನಿಂತಿತ್ ಅಕ್ಕ. ನನ್ ಕೈಯಗೆ ಎಂತ ಇತ್ತ್?”

“ಹೌದಲ್ದಾ. ಪಾಪ, ನೀನಾರೂ ಎಂತ ಮಾಡೂದ್.”

ಫೋನ್ ಇಟ್ಟ ಕೂಡಲೇ ಎದ್ದರೆ ಜೊತೆಯವನು ಮತ್ತೆ ನಕ್ಕಾನು ಎಂದು ಲೋಟ ಖಾಲಿ ಮಾಡಿದೆ. ಆಮೇಲೆ ಲೈನ್ ಕೊಟ್ಟೆ. ಯಂತ್ರ ಮತ್ತೆ ಶುರುವಾಗುವಾಗ ಭಾವ ಹೋಗಿಯಾಗಿತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಒಂದು ದಿನ ಅಕ್ಕನ ಮನೆಗೆ ಹೋದೆ. ಭಾವನ ಕೋಣೆಯಲ್ಲಿ ಯಂತ್ರ ಓಡುತ್ತಲೇ ಇತ್ತು. ಅದರ ನಳಿಗೆಯನ್ನು ದಿಂಬಿನ ಮೇಲೆ ಇಟ್ಟಿದ್ದಳು. ಮಂಚದ ಮೇಲೆ ಯಾರೂ ಇಲ್ಲ. ದಿಂಬಿನ ನಡುವೆ ಮಾತ್ರ ತಲೆ ಇಟ್ಟಷ್ಟು ತಗ್ಗು.

“ಸದ್ದ್ ಮಾಡ್ಬೇಡ. ಈಗಷ್ಟೇ ಕಣ್ಣ್ ಮುಚ್ಚಿರ್,” ಎಂದಳು ಅಕ್ಕ. ಅಂಗಳಕ್ಕೆ ಬಂದ ಮೇಲೆ ತೆಂಕಿಗೆ ಮುಖ ಮಾಡಿ ಸ್ಥಾವರಕ್ಕೆ ಶಾಪ ಹಾಕಿದಳು. ನನ್ನ ಬೆನ್ನು ಸವರಿದಳು. “ನೀನಿದ್ದದ್ದಕ್ಕೆ ಇಷ್ಟ್ ದಿನ ಉಳ್ಕಂಡ್ರ್.”

ಈಗಲೂ ಅಲ್ಲಿ ಕರೆಂಟ್ ಹೋದರೆ ನನಗೇ ಫೋನ್ ಮಾಡುತ್ತಾಳೆ. “ಅವ್ರಿಗೆ ಈಗ ಉಸ್ರ್ ಕಟ್ತಾ ಇತ್ತ್ ತಮ್ಮಾ, ಸ್ಥಾವರದವ್ರಿಗೆ ಒಂಚೂರ್ ಹೇಳ್.” ಹೇಳುತ್ತೇನೆ ಎನ್ನುತ್ತೇನೆ. ಕರೆಂಟಿಲ್ಲದ ಆ ಮನೆಯಿಂದ, ಅವಳ ಮಾತಿನ ಹಿಂದೆ, ಯಂತ್ರ ಉಸಿರು ಬಿಡುವ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತದೆ. ಅವಳು ಮಾತು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಫೋನ್ ಇಡುವವನು ನಾನೇ.

ಭಾವನ ಫೋಟೋದ ಮುಂದೆ ಕೈಮುಗಿದು ತಪ್ಪಾಯಿತು ಎಂದಿದ್ದೇನೆ, ಒಂದಲ್ಲ, ಹತ್ತಾರು ಸಲ. ಫೋಟೋ ತಿರುಗಿ ಕೇಳುವುದಿಲ್ಲವಲ್ಲ. ತಿರುಗಿ ಕೇಳಬಹುದಾದ ಒಬ್ಬರಿಗೆ ಮಾತ್ರ ಈ ತನಕ ಹೇಳಿಲ್ಲ. ನನ್ನ ಅಕ್ಕನಿಗೆ.