ಮೆಣಸಿನಕಾಯಿ ಅಂಗಡಿಯ ನಾಲ್ಕು ಕಣ್ಣು

"ಮಲ್ಲೇಶ ತಲೀಮ್ಯಾಲೆ ಚೀಲ ಹೊತ್ಕೊಂಡು ಒಂದು ತಾಸಾತು, ನಿಂತಲ್ಲೇ ನಿಂತಾನ. ಇಳಸವಲ್ಲ, ಮುಂದಕ್ಕೂ ಹೋಗವಲ್ಲ."

ಹೈದರಾಬಾದಿನ ಬೇಗಂ ಬಜಾರಿನಿಂದ ನನ್ನ ಹೆಂಡತಿಯ ಅಣ್ಣ ಶರಣಪ್ಪ ಹೀಗೆಂದು ಫೋನು ಮಾಡಿದಾಗ ನಾವು ಕುಷಾಯಿಗೂಡದ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮಲ್ಲೇಶ ಅವರ ಅಂಗಡಿಯ ಹಮಾಲ. ಗಟ್ಟಿ ಆಳು, ಒಪ್ಪಿದೆ. ಆದರೆ ಮೆಣಸಿನಕಾಯಿ ಚೀಲ ಹೊತ್ತು ಒಂದು ತಾಸು ಕದಲದೆ ನಿಲ್ಲುವಷ್ಟು ಗಟ್ಟಿಯೇ? ನನ್ನ ಮಗಳು ಶೈಲಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು ಫೋನು ಇಸಿದುಕೊಂಡಳು.

"ಮಾಮಾ, ನೀವು ಮಲ್ಲೇಶನ್ನ ನೋಡಾಕತ್ತೀರೋ, ಟಿವಿ ನೋಡಾಕತ್ತೀರೋ?"

ಶರಣಪ್ಪ ಎದ್ದು ಹೋಗಿ ನೋಡಿ ಬಂದ. ನಿಜವಾದ ಮಲ್ಲೇಶ ಯಾವಾಗಲೋ ಚೀಲ ಇಳಿಸಿ, ಊಟ ಮುಗಿಸಿ, ಗೋದಾಮಿನ ಮೆಟ್ಟಿಲ ಮೇಲೆ ಬೀಡಿ ಸೇದುತ್ತಿದ್ದನಂತೆ. ಚೀಲ ಹೊತ್ತು ನಿಂತಿದ್ದವನು ಕಾವಲು ಕ್ಯಾಮೆರಾದ ಪರದೆಯ ಮೇಲಿನ ಮಲ್ಲೇಶ. ನನ್ನ ಮಗಳು ಸ್ವಂತ ಕೈಯಿಂದ ಕೂಡಿಸಿಕೊಟ್ಟ ಕಂಪ್ಯೂಟರು ಆ ದಿನವೂ ಹ್ಯಾಂಗ್ ಆಗಿತ್ತು.

ನಕ್ಕುಬಿಡಬಹುದಾದ ಸಂಗತಿ. ಆದರೆ ನಮ್ಮ ಮನೆಯಲ್ಲಿ ಅಂದು ಯಾರೂ ನಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹೈದರಾಬಾದಿನಲ್ಲಿ ಈಗ ಇರುವುದು ಎರಡೇ ಜಾತಿ. ಒಂದು, ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವರು. ಎರಡು, ಅದಕ್ಕೆ ಸೇರಲು ಅಮೀರ್‌ಪೇಟೆಯಲ್ಲಿ ಕೋರ್ಸು ಮಾಡುತ್ತಿರುವವರು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ ನನ್ನ ಮಗಳು ಎರಡರಲ್ಲೂ ಕೂಡಲಿಲ್ಲ. ನಮ್ಮ ಬೀದಿಯ ಬೇಕರಿಯ ಪಕ್ಕದ ಒಂದು ಖೋಲಿ ಹಿಡಿದು, ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟಳು. ಅದರ ಜೊತೆಗೇ ಈ ಕಾವಲು ಕ್ಯಾಮೆರಾದ ಕೆಲಸ. ಹಾಗಂತ ನೌಕರಿ ಸಿಗಲಿಲ್ಲ ಎಂದಲ್ಲ. ಹೈಟೆಕ್ ಸಿಟಿಯ ಕಂಪನಿಯೊಂದರ ಪತ್ರ ಬಂದು, ನನ್ನಾಕೆ ಸುಮಿತ್ರಾಳ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ತಾಯಿ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಮಾಮಾನ ಅಂಗಡಿಯದೇ ಮೊದಲ ದೊಡ್ಡ ಕೆಲಸ, ಅದು ನೆಟ್ಟಗೆ ನಡೆದರೆ ನಿನ್ನ ಹಾದಿ ನಿನಗೆ. ನಡೆಯಲಿಲ್ಲವೋ, ಖೋಲಿ ಬಿಟ್ಟುಕೊಟ್ಟು ಕಂಪನಿಗೆ ಹೋಗು. ಮಗಳು ಹೂಂ ಅಂದಿದ್ದಳು.

ಮಲ್ಲೇಶ ಪರದೆಯ ಮೇಲೆ ಕಲ್ಲಾಗಿ ನಿಂತಾಗ ಕಂಪನಿಗೆ ಸೇರುವ ದಿನ ಹತ್ತಿರ ಬಂದಿತ್ತು. ಈಗ ಹೇಳಿ, ನಗು ಹೇಗೆ ಬಂದೀತು?

ಶರಣಪ್ಪನಿಗೆ ಕ್ಯಾಮೆರಾ ಬೇಕಾದದ್ದು ಕಳ್ಳರಿಗಾಗಿ ಅಲ್ಲ, ಜಗಳಕ್ಕಾಗಿ. ಅವನದು ಸಗಟು ಮೆಣಸಿನಕಾಯಿ ವ್ಯಾಪಾರ. ಬೀದರಿನಿಂದಲೋ ನಿಜಾಮಾಬಾದಿನಿಂದಲೋ ಗಿರಾಕಿ ಫೋನು ಮಾಡಿ, ಒಂದು ಚೀಲ ಕಡಿಮೆ ಬಂದಿದೆ ಅನ್ನುತ್ತಾನೆ. ಇವನು ಬಸವಣ್ಣನ ಆಣೆ ಮಾಡಿ ಎಲ್ಲಾ ಹಾಕಿಸಿದ್ದೇನೆ ಅನ್ನುತ್ತಾನೆ. ಆ ಕಡೆಯವನೂ ಅದೇ ಬಸವಣ್ಣನ ಆಣೆ ಮಾಡುತ್ತಾನೆ. ಬಸವಣ್ಣ ಯಾರ ಕಡೆಗೆ ನಿಂತಾನು? ಅದಕ್ಕೇ ನಾಲ್ಕು ಕಣ್ಣು: ಬಾಗಿಲಿಗೊಂದು, ತಕ್ಕಡಿಗೊಂದು, ಗೋದಾಮಿನ ಮೆಟ್ಟಿಲಿಗೊಂದು, ಮಾಲೀಕ ಕೂಡುವ ಗಾದಿಗೊಂದು.

ಯಾವ ಸಿಸ್ಟಮ್ ಹಾಕಬೇಕು ಎಂದು ಮನೆಯಲ್ಲಿ ದೊಡ್ಡ ಚರ್ಚೆ. ಒಬ್ಬ ಸೇಲ್ಸ್‌ಮನ್ ಬಂದು, ತಾನೇ ರೆಕಾರ್ಡಿಂಗ್ ಮಾಡುವ ಮುಚ್ಚಿದ ಡಬ್ಬಿಯೊಂದನ್ನು ತೋರಿಸಿ ಹೋಗಿದ್ದ. ವೈರು ಸಿಕ್ಕಿಸಿ ಮರೆತುಬಿಡಿ ಅಂದಿದ್ದ. ನನಗೆ ಅದೇ ಹಿಡಿಸಿತ್ತು. (ನಾನು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸ್ಟೋರ್ಸ್ ವಿಭಾಗದವನು. ಡಬ್ಬಿಗಳನ್ನು ಎಣಿಸುವುದು ಗೊತ್ತು, ತೆರೆಯುವುದು ಗೊತ್ತಿಲ್ಲ. ಶರಣಪ್ಪ ಬೇಕೆಂತಲೇ ನನ್ನನ್ನು ಎಂಜಿನಿಯರ್ ಸಾಹೇಬ್ರು ಅನ್ನುತ್ತಾನೆ.) ಶೈಲಾ ಒಪ್ಪಲಿಲ್ಲ. ಡಬ್ಬಿ ಕೆಟ್ಟರೆ ಡಬ್ಬಿಯನ್ನೇ ರಿಪೇರಿಗೆ ಕಳಿಸಬೇಕು, ಅದು ಬರುವ ತನಕ ಅಂಗಡಿ ಕುರುಡು. ಕಂಪ್ಯೂಟರಾದರೆ ಕೆಟ್ಟಿದ್ದಷ್ಟನ್ನೇ ತೆಗೆದು ಹೊಸದು ಹಾಕಬಹುದು. ಒಳಗೊಂದು ಕಾರ್ಡು, ಆ ಕಾರ್ಡಿಗೆ ನಾಲ್ಕು ಕ್ಯಾಮೆರಾದ ಕೇಬಲ್. ದೊಡ್ಡ ಹಾರ್ಡ್ ಡಿಸ್ಕ್. ಅದು ತುಂಬಿದರೆ ಹಳೆಯದನ್ನು ತಾನೇ ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಳ್ಳುತ್ತದೆ. ಇಷ್ಟು ಹೇಳಿ, ಇನ್ನೇನಾದರೂ ಕೇಳಬೇಕೇ ಅಂದಳು.

ಶರಣಪ್ಪ ಕೇಳಿದ್ದು ಒಂದೇ. "ಬಣ್ಣ ಕಾಣತೈತೇನು? ಬಣ್ಣ ಕಾಣಲಿಲ್ಲಂದ್ರ ಬ್ಯಾಡಗಿ ಯಾವ್ದು, ಗುಂಟೂರು ಯಾವ್ದು?"

ಎಂಥ ಪ್ರಶ್ನೆ ನೋಡಿ. ಕಲರ್ ಕ್ಯಾಮೆರಾಗಳೇ ಬಂದವು.

ಪೂಜೆಯಾಯಿತು, ತೆಂಗಿನಕಾಯಿ ಒಡೆದರು. (ಕಾಯಿಯ ನೀರು ಸಿಡಿಯುವಾಗ ಶೈಲಾ ತನ್ನ ದುಪಟ್ಟಾವನ್ನು ಯಂತ್ರಕ್ಕೆ ಅಡ್ಡ ಹಿಡಿದಿದ್ದನ್ನು ನಾನೊಬ್ಬನೇ ನೋಡಿದೆ.) ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಚಿತ್ರ ನಿಂತುಬಿಡುವುದು. ಮಾಮಾನ ಫೋನು. ಇವಳು ಈಗ ಹೊರಟೆ ಎಂದು ಹೇಳಿ, ಬಸ್ಸು ಬದಲಿಸಿ ಬೇಗಂ ಬಜಾರು ಮುಟ್ಟುವಷ್ಟರಲ್ಲಿ ಯಂತ್ರ ತಣ್ಣಗೆ ಕೂತಿರುತ್ತಿತ್ತು. ಗುಂಡಿ ಒತ್ತಿದರೆ ಲಕ್ಷಣವಾಗಿ ಓಡುತ್ತಿತ್ತು. ದವಾಖಾನೆಯ ಬಾಗಿಲು ಕಂಡ ಕೂಡಲೇ ಜ್ವರ ಬಿಡುವ ಕೂಸಿನ ಹಾಗೆ.

ಎದುರು ಅಂಗಡಿಯ ಗೋಪಾಲದಾಸ್ ಸೇಠ್ ಒಣಹಣ್ಣಿನ ವ್ಯಾಪಾರಿ. ಇಲ್ಲಿ ಸರಿಹೋದರೆ ತಮ್ಮ ಅಂಗಡಿಗಳಿಗೂ ಹಾಕಿಸುವ ಮಾತಾಡಿದ್ದವರು. ಶೈಲಾ ಬಂದಾಗಲೆಲ್ಲ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟರು: "ಬೇಟೀ, ತೇರಾ ಮಷೀನ್ ಭೀ ದೋಪಹರ್ ಕೋ ಸೋತಾ ಹೈ ಕ್ಯಾ?"

ಮಧ್ಯಾಹ್ನ ನಿದ್ದೆ ಮಾಡುವ ಯಂತ್ರ! ಬಜಾರಿನಲ್ಲಿ ಇಂಥ ಮಾತು ಹರಡಲು ಎಷ್ಟು ಹೊತ್ತು?

ಎಲ್ಲರ ಬಳಿಯೂ ಒಂದೊಂದು ಔಷಧಿ ಇತ್ತು. ನಾನು ಅರ್ಥಿಂಗ್ ಸರಿಯಿಲ್ಲ ಅಂದೆ. ಅಮೀರ್‌ಪೇಟೆಯಲ್ಲಿ ಕೋರ್ಸು ಮಾಡುತ್ತಿರುವ ಪಕ್ಕದ ಮನೆಯವನು ವೈರಸ್ ಅಂದ. ಸುಮಿತ್ರಾ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಕೊಟ್ಟು ಕಳಿಸಿದಳು. ಶೈಲಾ ಯಾರಿಗೂ ಎದುರಾಡಲಿಲ್ಲ. ಮೆಮೊರಿ ಬದಲಿಸಿದಳು. ಪವರ್ ಸಪ್ಲೈ ಬದಲಿಸಿದಳು. ಕಾರ್ಡನ್ನು ಒಂದು ಸ್ಲಾಟಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದಳು. ವಿಂಡೋಸನ್ನು ಅಳಿಸಿ ಮತ್ತೆ ಹಾಕಿದಳು. (ನಿಂಬೆಹಣ್ಣನ್ನೂ ಇಟ್ಟಳು.) ಒಂದೊಂದನ್ನೇ ಬದಲಿಸಿ ಒಂದು ದಿನ ಕಾಯುವುದು, ಎರಡನ್ನು ಒಟ್ಟಿಗೆ ಮುಟ್ಟದಿರುವುದು, ಇದು ಅವಳ ಪದ್ಧತಿ. ಯಾವುದರಿಂದ ಗುಣವಾಯಿತು ಎಂದು ತಿಳಿಯಬೇಕಲ್ಲ. ಆದರೆ ಗುಣವೇ ಆಗಲಿಲ್ಲ.

ಒಂದು ಸಂಜೆ ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಾ ಹೇಳಿದಳು, "ಪಪ್ಪಾ, ಯಾಕ ನಿಂದ್ರಾಕತ್ತೈತಿ ಅನ್ನೂದು ತಿಳದ್ರ ಸಾಕು. ಕಂಪನಿಗೆ ಹೋಗೂದಾದ್ರೂ ತಿಳಕೊಂಡು ಹೋಗ್ತೀನಿ."

ಸೋತೆ ಅನ್ನಲಿಲ್ಲ, ತಿಳಿಯಲಿಲ್ಲ ಅಂದಳು. ನನಗೆ ಅವಳ ಬಗ್ಗೆ ಮೊದಲ ಸಲ ಹೆಮ್ಮೆ ಹುಟ್ಟಿದ್ದು ಆಗ. ಕೆಲಸ ಇನ್ನೂ ಕೆಟ್ಟೇ ಇತ್ತು, ಗಮನಿಸಿ.

ಆ ಭಾನುವಾರ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಮನೆಗೆ ತಂದಳು. ತನ್ನ ಕಂಪ್ಯೂಟರಿಗೆ ಜೋಡಿಸಿ, ಯಂತ್ರ ನಿಲ್ಲುವ ಮುಂಚಿನ ಕೊನೆಯ ನಿಮಿಷಗಳನ್ನು ದಿನದಿನದ್ದೂ ನೋಡುತ್ತಾ ಕೂತಳು. ನಾನೂ ಕೂತೆ. ಏನಿದೆ ಅದರಲ್ಲಿ? ಗಾದಿಯ ಮೇಲೆ ಶರಣಪ್ಪನ ಹೆಂಡತಿ ನೀಲಮ್ಮ ಕೂತಿರುತ್ತಾಳೆ, ಬೀಸಣಿಕೆ ಆಡಿಸುತ್ತಾಳೆ, ಚಿತ್ರ ನಿಲ್ಲುತ್ತದೆ. ಅಂಗಡಿಯ ಮೇಲೆಯೇ ಅವರ ಮನೆ. ಮಧ್ಯಾಹ್ನ ಗಂಡ ಮೇಲೆ ಊಟಕ್ಕೆ ಹೋದಾಗ ಅವಳು ಕೆಳಗಿಳಿದು ಗಾದಿ ನೋಡಿಕೊಳ್ಳುವುದು ವಾಡಿಕೆ. ಅದರಲ್ಲಿ ವಿಶೇಷವೇನು?

ಅವರೆಕಾಯಿ ಸುಲಿಯುತ್ತಾ ಹಿಂದೆ ನಿಂತಿದ್ದ ಸುಮಿತ್ರಾ ಅಂದಳು, "ಇನ್ನೊಂದೀಟು ಹಿಂದಕ್ಕ ತಗೀ. ವೈನಿ ಉಟ್ಟಿದ್ದು ಹೊಸಾ ಇಲಕಲ್ ಏನು, ಸೆರಗು ನೋಡೂಣು."

ಅತ್ತಿಗೆಯ ಸೀರೆ ನೋಡುವ ಆಸೆ. ಶೈಲಾ ಬೇಸರದಿಂದಲೇ ಒಂದು ತಾಸು ಹಿಂದಕ್ಕೆ ಹೋದಳು. ನೀಲಮ್ಮ ಮೆಟ್ಟಿಲಿಳಿದು ಬಂದಳು. ಸೀರೆ ಹೊಸದೇ. ಬಂದವಳು ಕಪಾಟಿನಿಂದ ದಪ್ಪನೆಯ ಅರಿವೆಯೊಂದನ್ನು ತೆಗೆದಳು, ಎರಡು ಸಲ ಝಾಡಿಸಿದಳು, ಕಂಪ್ಯೂಟರಿನ ಮೇಲೆ ಹೊದಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ಕೂಸಿಗೆ ಕೌದಿ ಒತ್ತುವ ಹಾಗೆ ನಾಲ್ಕೂ ಕಡೆ ಅಂಚನ್ನು ಒಳಗೆ ಒತ್ತಿದಳು. ಅರಿವೆಯ ಮೇಲೆ ಕಸೂತಿ: ಗೋಪುರ, ನವಿಲು, ಸುತ್ತ ಬಳ್ಳಿ. ಸೋದರ ಸೊಸೆ ಮಾಡಿಕೊಟ್ಟ ಯಂತ್ರಕ್ಕೆಂದು ಕೂತು ಹಾಕಿದ್ದು. (ಕೊನೆಯ ನಿಮಿಷಗಳಲ್ಲಿ ಗಾದಿಯ ಪಕ್ಕ ಕಂಡದ್ದನ್ನು ನಾವು ಬಟ್ಟೆಯ ಗಂಟು ಅಂದುಕೊಂಡಿದ್ದೆವು.)

ಶೈಲಾ ಇನ್ನೊಂದು ದಿನದ್ದು ತೆಗೆದಳು. ಅರಿವೆ ಹೊದಿಕೆ. ಮತ್ತೊಂದು ದಿನದ್ದು. ಅಲ್ಲೂ ಅದೇ. ಒಳಗಿನ ಬಿಸಿಗಾಳಿ ಹೊರಗೆ ಹೋಗಲು ಹಾದಿಯಿಲ್ಲದೆ ಯಂತ್ರ ಕಾದು ಕಾದು ನಿಲ್ಲುತ್ತಿತ್ತು. ಆಮೇಲೆ ತಿಳಿಯಿತು, ಶೈಲಾ ಹೊರಟಿದ್ದಾಳೆ ಎಂದು ಗೊತ್ತಾದ ಕೂಡಲೇ ನೀಲಮ್ಮ ಹೊದಿಕೆ ತೆಗೆದು ಮಡಿಚಿ ಕಪಾಟಿಗೆ ಇಡುತ್ತಿದ್ದಳು. ಡಾಕ್ಟರು ಬರುವಾಗ ಪೇಷಂಟಿನ ಚಾದರ ಸರಿಸುವುದಿಲ್ಲವೇ?

ನಗಬೇಡಿ. ನಮ್ಮ ಜನ ಏನನ್ನು ಮುಚ್ಚಿಡುವುದಿಲ್ಲ ಹೇಳಿ. ಟಿವಿಗೆ ಕವರು, ಮಿಕ್ಸಿಗೆ ಕವರು, ಸೂಟ್‌ಕೇಸಿಗೆ ಖಾಕಿ ಅಂಗಿ. ರಿಮೋಟು ಪ್ಲಾಸ್ಟಿಕ್ ಚೀಲದಲ್ಲೇ ಹುಟ್ಟಿ ಅದರಲ್ಲೇ ಸಾಯುತ್ತದೆ. ಪ್ರೀತಿ ಹೆಚ್ಚಾದಷ್ಟೂ ಅರಿವೆ ದಪ್ಪ. ನೆಂಟರು ಬಂದಾಗ ಮಾತ್ರ ತೆಗೆಯುತ್ತೇವೆ.

ಸುಮಿತ್ರಾ ನಗುತ್ತಲೇ ಅಣ್ಣನಿಗೆ ಫೋನು ಮಾಡಲು ಹೋದಳು. ಶೈಲಾ ಫೋನಿನ ಮೇಲೆ ಕೈಯಿಟ್ಟಳು. ಹೀಗೆ ಹೇಳಿದರೆ ಸಂಜೆಯೊಳಗೆ ಇಡೀ ಬಜಾರು ಮಾಮಿಯನ್ನು ನೋಡಿ ನಗುತ್ತದೆ ಅಂದಳು. ಹೇಳದಿದ್ದರೆ ನಿನ್ನನ್ನು ನೋಡಿ ನಗುತ್ತದೆ, ಗುರುವಾರ ಕಂಪನಿಗೆ ಸೇರಬೇಕಾಗುತ್ತದೆ ಅಂದೆ ನಾನು. ಅವಳು ಹಾರ್ಡ್ ಡಿಸ್ಕನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ರಜೆ ಹಾಕಿ ಅವಳ ಜೊತೆಗೆ ನಾನೂ ಹೋದೆ. ಗೋಪಾಲದಾಸ್ ಸೇಠ್ ಕಪ್ಪು ಹಿಡಿದು ಹಾಜರಿದ್ದರು. ನೀಲಮ್ಮ ಮೆಟ್ಟಿಲ ಮೇಲೆ. ರೋಗ ಸಿಕ್ಕಿತೇ ಎಂದು ಶರಣಪ್ಪ ಕೇಳಿದ.

"ಸಿಕ್ತು ಮಾಮಾ. ತಪ್ಪು ನಂದು."

ಅವಳು ಯಂತ್ರದ ಪಕ್ಕದ ತಗಡು ಬಿಚ್ಚಿ ಫ್ಯಾನು ತೋರಿಸಿದಳು. ಅದರ ರೆಕ್ಕೆಗಳ ಮೇಲೆ ತೆಳ್ಳಗೆ ಕೆಂಪು ಧೂಳು. ಬಾಗಿ ನೋಡಿದ ಎಲ್ಲರೂ ಸೀನಿದೆವು, ಸೇಠ್‌ಜಿ ಎಲ್ಲರಿಗಿಂತ ಹೆಚ್ಚು.

"ಮೆಣಸಿನಕಾಯಿ ಅಂಗಡ್ಯಾಗ ಮಷೀನ್ ಇಡಾಕತ್ತೀನಿ ಅಂದಮ್ಯಾಲೆ ಧೂಳಿಗೆ ಏನರ ಮಾಡಬೇಕಿತ್ತು. ಮಾಡ್ಲಿಲ್ಲ. ಮಾಮಿಗೆ ಹೊಳದದ್ದು ನನಗ ಹೊಳೀಲಿಲ್ಲ. ಧೂಳು ಒಳಗ ಬರಬಾರದು, ಕಾವು ಹೊರಗ ಹೋಗಬೇಕು. ಅರಿವಿ ಎರಡನ್ನೂ ತಡೀತೈತಿ."

ನೀಲಮ್ಮ ಒಂದೊಂದೇ ಮೆಟ್ಟಿಲು ಇಳಿದು ಬಂದಳು. "ಅಂದ್ರ ನಾ ಹೊಚ್ಚಿದ್ದಕ್ಕ ನಿಂದರ್ತಿತ್ತೇನು?"

"ನೀವು ಹೊಚ್ಚಿದ್ದಕ್ಕ ಇಷ್ಟರ ಸ್ವಚ್ಛ ಐತಿ ಮಾಮಿ. ಉಸಿರಾಡಾಕ ಹಾದಿ ಇಡೂದು ನನ್ನ ಕೆಲಸ ಆಗಿತ್ತು."

ನೀಲಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಯಂತ್ರದ ಕುತ್ತಿಗೆ ಹಿಚುಕಿದವಳು ನಾನೇ, ಈ ಹುಡುಗಿ ತನ್ನ ಮೈಮೇಲೆ ಹಾಕಿಕೊಳ್ಳಾಕತ್ತಾಳೆ ಎಂದು ಎಲ್ಲರೆದುರು ತಾನೇ ಹೇಳಿದಳು. ಅವಳೇ ಮೊದಲು ನಕ್ಕಮೇಲೆ ಅವಳನ್ನು ನೋಡಿ ನಗುವವರು ಯಾರು? ಸೇಠ್‌ಜಿ ಮಾತ್ರ ವ್ಯಾಪಾರಿ. ನಮ್ಮ ಮನೆಯವರೂ ಹೊದಿಸಿದರೆ ಏನು ಮಾಡುತ್ತೀ ಎಂದು ಕೇಳಿದರು. ಹೊದಿಸುತ್ತಾರೆ ಎಂದು ತಿಳಿದೇ ಮಾಡಿಕೊಡುತ್ತೇನೆ ಅಂದಳು ಶೈಲಾ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಹಾ ಮುಗಿಸಿ ಹೋದರು.

ಬುಧವಾರದೊಳಗೆ ಬಡಗಿಯಿಂದ ಒಂದು ಪೆಟ್ಟಿಗೆ ತಯಾರಾಯಿತು. ಹಿಂದೆ ಬಿಸಿಗಾಳಿ ಎಳೆದು ಬಿಸಾಕುವ ಫ್ಯಾನು, ಮುಂದೆ ಗಾಳಿ ಬರುವ ಜಾಗಕ್ಕೆ ಖಾರದಪುಡಿ ಸೋಸುವ ತೆಳ್ಳನೆಯ ಅರಿವೆ. ಅದನ್ನು ವಾರಕ್ಕೊಮ್ಮೆ ಒಗೆದು ಕಟ್ಟುವ ಜವಾಬ್ದಾರಿ ನೀಲಮ್ಮನದು. (ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಅಂದರೆ ಇದು.) ಮಧ್ಯಾಹ್ನವಾಯಿತು, ಮಧ್ಯಾಹ್ನ ಕಳೆಯಿತು. ಪರದೆಯ ಮೇಲೆ ಮಲ್ಲೇಶ ಬಂದ, ಹೋದ, ಮತ್ತೆ ಬಂದ. ಶರಣಪ್ಪ ಊಟಕ್ಕೂ ಏಳದೆ ನೋಡುತ್ತಾ ಕೂತ.

ಅಷ್ಟರಲ್ಲಿ ಬೀದರಿನ ಫೋನು. ಬೆಳಿಗ್ಗೆ ಕಳಿಸಿದ ಮಾಲಿನಲ್ಲಿ ಒಂದು ಚೀಲ ಕಡಿಮೆ. ಶರಣಪ್ಪನ ನಾಲಗೆಯ ತುದಿಗೆ ಬಸವಣ್ಣ ಬಂದೇ ಬಿಟ್ಟಿದ್ದ. ಶೈಲಾ ಕೈಸನ್ನೆ ಮಾಡಿ ತಡೆದಳು. ಶರಣಪ್ಪ ತಾನೇ ಮೌಸು ಹಿಡಿದು ಹಿಂದಕ್ಕೆ ಹೋದ, ಪರದೆಗೆ ಬೆರಳು ಹಚ್ಚಿ ಚೀಲ ಎಣಿಸಿದ. ಇನ್ನೊಮ್ಮೆ ಎಣಿಸಿದ. ತಕ್ಕಡಿಯ ಮರೆಯಲ್ಲಿ ಒಂದು ಚೀಲ ಉಳಿದಿತ್ತು. ಬಣ್ಣ ನೋಡಿ ಹೇಳಿದ, ಬ್ಯಾಡಗಿ.

"ಖರೇ ಐತ್ರಿ," ಅಂದ ಫೋನಿನಲ್ಲಿ. "ಒಂದು ಇಲ್ಲೇ ಉಳದೈತಿ. ನಾಳಿ ಗಾಡಿಗೆ ಹಾಕಸ್ತೀನಿ."

ಸೋತ ಮುಖವೇ? ಅಲ್ಲವೇ ಅಲ್ಲ. ಆ ಸುದ್ದಿಯನ್ನು ಅವನೇ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದ. ನನ್ನ ಸೊಸೆಯ ಯಂತ್ರ ನನ್ನ ತಪ್ಪನ್ನೇ ಹಿಡಿಯಿತು ಎಂದು ಎದೆ ಉಬ್ಬಿಸಿ ಹೇಳಿಕೊಂಡ. ಗೋಪಾಲದಾಸ್ ಸೇಠ್ ರಸ್ತೆ ದಾಟಿ ಬಂದರು. ತನ್ನ ಮಾಲೀಕನಿಗೂ ಮುಲಾಜು ನೋಡದ ಯಂತ್ರ ತಮಗೂ ಬೇಕು, ನಾಳೆಯೇ ಬಂದು ಅಳತೆ ತೆಗೆದುಕೋ ಅಂದರು.

ನಾಳೆ ಅಂದರೆ ಗುರುವಾರ.

ಬೆಳಿಗ್ಗೆ ಸುಮಿತ್ರಾ ಬೇಗ ಎದ್ದಳು. ಬುತ್ತಿ ಕಟ್ಟಿದಳು. ಮಗಳಿಗೊಂದು ಡಬ್ಬಿ, ನನಗೊಂದು. ಜೊತೆಗೆ ವೈನಿಗೆಂದು ಶೇಂಗಾ ಹೋಳಿಗೆ. ನಾನು ಮತ್ತೊಂದು ದಿನ ರಜೆ ಹಾಕಿದ್ದೆ. ನನ್ನ ಸ್ಕೂಟರಿನ ಹಿಂದೆ ಶೈಲಾ, ಅವಳ ಹೆಗಲಿಗೆ ಕೇಬಲ್ಲಿನ ಸುರುಳಿ. ತಾರ್ನಾಕದ ಸಿಗ್ನಲ್ಲಿನಲ್ಲಿ ಹೈಟೆಕ್ ಸಿಟಿಯ ಕಂಪನಿ ಬಸ್ಸುಗಳೆಲ್ಲ ಸಿಕಂದರಾಬಾದಿನ ಕಡೆಗೆ ಬಲಕ್ಕೆ ಹೊರಳಲು ನಿಂತಿದ್ದವು. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡ ಹುಡುಗರು ಹುಡುಗಿಯರು ಕಿಟಕಿಗೆ ಒರಗಿ ತೂಕಡಿಸುತ್ತಿದ್ದರು. ನಾನು ಕಾಚಿಗೂಡದ ಹಾದಿ ಹಿಡಿದು ನೆಟ್ಟಗೆ ಹೋಗಬೇಕಿತ್ತು. ಪಕ್ಕದ ಕಾರಿನಿಂದ ನಮ್ಮ ಕಾಲೊನಿಯ ಒಬ್ಬರು ತಲೆ ಹೊರಹಾಕಿದರು. ಇವತ್ತಲ್ಲವೇ ಮಗಳು ಕಂಪನಿಗೆ ಸೇರುವ ದಿನ, ತಪ್ಪು ಸಾಲಿನಲ್ಲಿ ನಿಂತಿದ್ದೀರಲ್ಲ ಎಂದು ಕಳಕಳಿಯಿಂದಲೇ ಕೇಳಿದರು.

ಸಿಗ್ನಲ್ ಹಸಿರಾಯಿತು. ಗೇರು ಹಾಕುತ್ತಾ ಅಂದೆ:

"ಎಲ್ಲಾರೂ ಹೈಟೆಕ್ ಸಿಟಿಗೆ ಹೋದ್ರ, ಬೇಗಂ ಬಜಾರಕ್ಕ ಹೋಗಾವ್ರು ಯಾರ್ರಿ?"