ತೆಗೆದರೂ ಹೋಗದ ವೈಫೈ ಹೆಸರು

ಗೆಳೆಯರೇ, ಅಕ್ಷರ ತಪ್ಪಿದ್ದರೆ ಮನ್ನಿಸಿ. ನಾನು ಓದಿದ್ದು ಐದನೇ ತರಗತಿಯವರೆಗೆ. ನನ್ನ ಕೈಬರಹ ನನಗೇ ಓದಲು ಬರುವುದಿಲ್ಲ, ಅದಕ್ಕೇ ಫೋನಿನಲ್ಲಿ ಒತ್ತುತ್ತಿದ್ದೇನೆ.

ರಂಗಂಪೇಟೆಯ ನಮ್ಮ ಮನೆಗೆ ನಿನ್ನೆ ಹೊಸ ರೂಟರ್ ಹಾಕಿದರು. ಇಂದು ಬೆಳಗ್ಗೆ ಅತ್ತಿಗೆ ತವರೂರು ರಾಮಸಮುದ್ರದಿಂದ ವಿಡಿಯೊ ಕರೆ ಮಾಡಿದರು. ಹೊಸದಾಗಿ ಹುಟ್ಟಿದ ಮೊಮ್ಮಗಳನ್ನು ಅವ್ವ ಇನ್ನೂ ನೋಡಿರಲಿಲ್ಲ. ಕೂಸಿನ ಕುಲಾವಿ ಕಂಡಿತು, ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು.

"ಮಾರಿ ಕಾಣವಲ್ದು, ಕುಲಾವಿ ನೋಡಿ ಏನ್ ಮಾಡ್ಲಿ!" ಅವ್ವ ನನ್ನನ್ನೇ ಬೈದಳು.

ನೋಡಿದರೆ ಫೋನು ನಡುವೆಯೇ ಮೊಬೈಲ್ ಡೇಟಾ ಬಿಟ್ಟು ಹಳೆ ರೂಟರಿನ ಹೆಸರನ್ನೇ ಹಿಡಿದು ಕೂತಿತ್ತು. ಅದರ ಇಂಟರ್ನೆಟ್ ತಂತಿ ನಿನ್ನೆಯೇ ತೆಗೆದಿದ್ದರು, ಆದರೂ ಪೂರ್ತಿ ಸಿಗ್ನಲ್! ರೂಟರ್ ಹಾಕಿದವರಿಗೆ ಫೋನ್ ಮಾಡಿದೆ. "ಹಳೇದು ಮನ್ಯಾಗ ಎಲ್ಲೋ ಚಾಲೂ ಅದರಿ ಅಕ್ಕಾರ, ಹುಡುಕ್ರಿ" ಎಂದರು.

ಅದು ದೇವರ ಜಗಲಿಯ ಮೇಲೆ ಸಿಕ್ಕಿತು. ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂ ಮುಡಿದು, ದೇವರ ಫೋಟೊಗಳ ನಡುವೆ ಕೂತಿತ್ತು.

"ಅವ್ವಾ, ಇದನ್ಯಾಕ ಚಾಲೂ ಇಟ್ಟಿ?"

"ಮೂರು ವರ್ಷ ದುಡದದ, ಗುಜರಿಗಿ ಹಾಕಬೇಕೇನು? ಹಸರು ದೀಪ ಎಷ್ಟು ಚಂದ ಮಿಣಕತಾವ ನೋಡು!"

ಆರಿಸಲು ಬಿಡಲಿಲ್ಲ. ಫೋನಿನಿಂದಲೇ ಹಳೆ ಹೆಸರು ಅಳಿಸಿ, ಹೊಸದಕ್ಕೆ ಸೇರಿಸಿ, ಅತ್ತಿಗೆಗೆ ಮತ್ತೆ ಕರೆ ಮಾಡಿದೆ. ಕೂಸು ಬಾಯಿ ತುಂಬ ಆಕಳಿಸಿತು.

"ಅಯ್ಯ, ಮೂಗು ನಂದೇ ಅದ!" ಅವ್ವ ನಿಂತಲ್ಲೇ ಕುಣಿದಳು.

ಕೆಲಸ ಬಿಟ್ಟ ರೂಟರಿಗೆ ಪೂಜೆ, ದುಡಿಯುವ ರೂಟರಿಗೆ ಏನೂ ಇಲ್ಲ. ಮನಸ್ಸು ತಡೆಯದೆ, ಆಗಲೇ ಹೊಸದರ ತಲೆಯ ಮೇಲೂ ಒಂದು ಚೆಂಡು ಹೂ ಇಟ್ಟೆ.